ಕೆಂಬಂಡೆಯೂ ತಿಳಿಗಡಲೂ

ಫ್ರಾನ್ಸ್ ದೇಶದ ದಕ್ಷಿಣದ ಅಂಚಿನಲ್ಲಿ, ಮೆಡಿಟರೇನಿಯನ್ ಸಮುದ್ರಕ್ಕೆ ಎದುರಾಗಿ, ಎಸ್ತೆರೆಲ್ ಎಂಬ ಕೆಂಪು ಬೆಟ್ಟಗಳ ಸಾಲಿದೆ. ಅದರ ಅಡಿಯಲ್ಲಿ ಕುದುರೆಲಾಳದಂತೆ ಬಾಗಿರುವುದು ಅಗೇ ಕೊಲ್ಲಿ. ಅದರ ಒಳಬಾಗಿನಲ್ಲಿ ಮರಳ ದಂಡೆ. ಸುತ್ತಲಿನ ಬೆಟ್ಟಗಳು ಗಾಳಿಗೆ ಅಡ್ಡವಾಗಿರುವುದರಿಂದ ರೋಮನರ ಕಾಲದಿಂದಲೂ ಹಡಗುಗಳಿಗೆ ಅದು ಆಶ್ರಯವಾಗಿತ್ತು. ಈ ಎಡೆಯನ್ನು ಮತ್ತೆ ಮತ್ತೆ ಚಿತ್ರಿಸಿದವನು ಆರ್ಮಾಂ ಗಿಯೊಮ್ಯಾಂ (1841–1927). ಅವನ ಅಗೇ ಚಿತ್ರಗಳನ್ನು ಕುರಿತು ನಮಗೆ ತೋರಿದ ಎರಡು ಮಾತುಗಳನ್ನು ಇಲ್ಲಿ ಅರಿಕೆ ಮಾಡುತ್ತೇವೆ. ನಾವು ಕಂಡುದು ಮುದ್ರಿತ ಪ್ರತಿಗಳನ್ನು ಮಾತ್ರ. ವಾಚಕರು ಇದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

1874ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಇಂಪ್ರೆಷನಿಸ್ಟ್ ಕಲಾವಿದರ ಮೊದಲ ಪ್ರದರ್ಶನದಲ್ಲಿ ಮೋನೆ, ಸೆಜಾನ್ ಮೊದಲಾದವರೊಡನೆ ಗಿಯೊಮ್ಯಾಂನೂ ಇದ್ದನು. ಹೊಟ್ಟೆಪಾಡಿಗಾಗಿ ಮೊದಲು ರೈಲ್ವೆಯಲ್ಲಿ, ಅನಂತರ ರಸ್ತೆ ಸೇತುವೆಗಳ ಇಲಾಖೆಯಲ್ಲಿ ದುಡಿಯುತ್ತ, ಬಿಡುವಿನ ವೇಳೆಯಲ್ಲಿ ಕುಂಚ ಹಿಡಿಯುತ್ತಿದ್ದನು. 1891ರಲ್ಲಿ, ತನ್ನ ಐವತ್ತನೆಯ ವಯಸ್ಸಿನಲ್ಲಿ, ಲಾಟರಿಯಿಂದ ಒಂದು ಲಕ್ಷ ಫ್ರಾಂಕು ಬಂದ ಮೇಲೆಯೇ ನೌಕರಿಯ ಹಂಗಿಲ್ಲದೆ ಬೆಟ್ಟ ಕಡಲುಗಳೆದುರು ನಿಲ್ಲುವ ಭಾಗ್ಯ ಅವನದಾಯಿತು. ಬಹುಕಾಲ ತಡೆದಿದ್ದ ಆ ಹಸಿವು ಅಗೇ ಚಿತ್ರಗಳಲ್ಲಿ ಎದ್ದು ಕಾಣುವುದು.

ಕಿತ್ತಳೆಯ ಕಡೆಗೆ ವಾಲುವ ಕೆಂಪು ಬಂಡೆ, ನೇರಳೆ ಬಣ್ಣದ ನೆರಳು, ನೀಲಿಯೂ ಹಸಿರೂ ಬೆರೆತ ನೀರು. ಮೊದಲ ನೋಟಕ್ಕೆ ಇದು ಅತಿರೇಕವೆಂದು ತೋರುವುದು ಸಹಜ; ನಮಗೂ ಹಾಗೆಯೇ ತೋರಿತು. ಆದರೆ ಎಸ್ತೆರೆಲ್ ಬೆಟ್ಟಗಳ ಶಿಲೆ ಸುಮಾರು 25 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಗಳಿಂದ ಹುಟ್ಟಿದ ರಯೊಲೈಟ್. ಅದರೊಳಗಿನ ಕಬ್ಬಿಣದ ಅಂಶವೇ ಆ ಕೆಂಪಿಗೆ ಕಾರಣ. ಆ ಬೆಟ್ಟ ನಿಜವಾಗಿಯೂ ಕೆಂಪು. ಕಲಾವಿದನು ಅದನ್ನು ಗಟ್ಟಿಯಾಗಿ ಹೇಳಿದನು, ಸುಳ್ಳು ಹೇಳಲಿಲ್ಲ.

ಇದನ್ನು ಅರಿತಾಗ ನಮಗೆ ನಾಚಿಕೆಯಾಯಿತು. ಹಿಂದೊಮ್ಮೆ ಚಿತ್ರಲೇಖನದ ತರಗತಿಯಲ್ಲಿ ಬೆಟ್ಟಕ್ಕೆ ಕೆಂಪು ಬಳಿದ ಹುಡುಗನೊಬ್ಬನಿಗೆ “ಬೆಟ್ಟ ಹಸುರಲ್ಲವೇನೋ?” ಎಂದು ಗದರಿ, ನಾವೇ ಮೇಲೆ ಹಸುರು ಹಚ್ಚಿಸಿದ್ದೆವು. ಅವನು ಕುಳಿತಿದ್ದ ಕಿಟಕಿಯಾಚೆ ಬೇಸಗೆಯ ಇಳಿಬಿಸಿಲಿನಲ್ಲಿ ನಿಂತಿದ್ದುದು ಬೋಳು ಕೆಂಗುಡ್ಡ. ಅವನು ಕಣ್ಣಿನಿಂದ ಬರೆದಿದ್ದನು. ನಾವು ವಾಡಿಕೆಯಿಂದ ತಿದ್ದಿದ್ದೆವು.

ಇಷ್ಟು ಮೆಚ್ಚಿದ ಮೇಲೆ ಕೊರತೆಯನ್ನೂ ಹೇಳಬೇಕು. ಅಗೇ ಕೊಲ್ಲಿಯ ಜೀವಗುಣ ಅದರ ನೆಮ್ಮದಿ. ಹೊರಗೆ ಗಾಳಿ, ಒಳಗೆ ತಿಳಿನೀರು, ಆಶ್ರಯವೆಂದರೆ ಇದೇ. ಗಿಯೊಮ್ಯಾಂನ ಕುಂಚವಾದರೋ ಬಂಡೆಗೆ ಕೊಟ್ಟ ಬಿರುಸನ್ನೇ ಅನೇಕ ಕಡೆ ನೀರಿಗೂ ಕೊಡುತ್ತದೆ. ಬಂಡೆ ಉರಿಯುವಂತೆ ಕಡಲೂ ಉರಿದರೆ ನೋಡುವವನ ಕಣ್ಣು ಎಲ್ಲಿ ತಂಗಬೇಕು? ನಮ್ಮ ಆಲಂಕಾರಿಕರು ಔಚಿತ್ಯವೆಂದು ಕರೆದುದು ಇಲ್ಲಿ ತುಸು ಸಡಿಲಿದೆ. ಬಣ್ಣದ ಸತ್ಯ ಸಿದ್ಧಿಸಿದೆ. ಸ್ಥಳದ ಶಾಂತಿ ಪೂರ್ಣವಾಗಿ ಸಿದ್ಧಿಸಿಲ್ಲ.

ಆದರೂ ಈ ಚಿತ್ರಗಳು ನಮ್ಮ ಶಾಲೆಗಳ ಗೋಡೆಗೆ ಯೋಗ್ಯವಾದುವೆಂದೇ ನಮ್ಮ ಮತ. ಉಪಾಧ್ಯಾಯ ಮಿತ್ರರು ಒಂದು ಪ್ರತಿಯನ್ನು ಮಕ್ಕಳ ಮುಂದಿಟ್ಟು, ಕಂಡ ಬಣ್ಣಗಳನ್ನೆಲ್ಲ ಅವರಿಂದಲೇ ಹೇಳಿಸಲಿ. ಆಮೇಲೆ ಅವರನ್ನು ಬಯಲಿಗೆ ಕರೆದೊಯ್ದು ಎದುರಿಗಿರುವ ಗುಡ್ಡದ ಬಣ್ಣವನ್ನು ಕೇಳಲಿ. ಮಕ್ಕಳು ಉತ್ತರಿಸುವವರೆಗೆ ನಾವು ಬಾಯಿ ತೆರೆಯದಿರುವುದು ಲೇಸು.