ಪೈಪನ್ನು ಮರೆತ ಹೋಲ್ಡರ್

ಗಾಡಿಯ ಹ್ಯಾಂಡಲ್‌ಗೆ ಮೊಬೈಲ್ ಕೂಡಿಸುವ ಹೋಲ್ಡರ್ ಹೇಗಿರಬೇಕು ಎಂಬ ಬಗ್ಗೆ ನಮ್ಮಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಲೋಹದ್ದಾಗಿರಬೇಕು, ಫೋನಿನ ನಾಲ್ಕೂ ಮೂಲೆ ಹಿಡಿಯಬೇಕು, ಒಮ್ಮೆ ಬಿಗಿದರೆ ಅಲುಗಬಾರದು. ಕಲಬುರಗಿಯ ಸ್ಟೇಶನ್ ಬಜಾರದ ಕಡೆ ಮೊಬೈಲ್ ಸಾಮಾನು ಕೊಳ್ಳಲು ಹೋದವರಿಗೆ ಸಿಗುವ ಭರವಸೆಯೂ ಇದೇ: "ಫುಲ್ ಮೆಟಲ್ ಅದ ಸರ, ಅಲಗಾಡಂಗಿಲ್ಲ." ಯೂಟ್ಯೂಬಿನಲ್ಲಿ ಹೋಲ್ಡರ್‌ಗಳ ಗುಣದೋಷ ಹೇಳುವವರು ಫೋನನ್ನು ಜಗ್ಗಿ ತೋರಿಸಿ ಅಂಕ ಕೊಡುತ್ತಾರೆ. ಈ ಒಮ್ಮತವನ್ನು ನಾನು ಒಪ್ಪುವುದಿಲ್ಲ. ಹೋಲ್ಡರ್‌ನ ಗುಣವನ್ನು ಅದು ಫೋನನ್ನು ಹಿಡಿಯುವ ತುದಿಯಲ್ಲಿ ಅಳೆಯುತ್ತಿದ್ದೇವೆ. ಅದು ಸೋಲುವುದು ಇನ್ನೊಂದು ತುದಿಯಲ್ಲಿ, ಪೈಪನ್ನು ಹಿಡಿಯುವ ಕಡೆ.

ಮನೆಮನೆಗೆ ಊಟ, ಪಾರ್ಸಲ್ ಮುಟ್ಟಿಸುವ ಹುಡುಗರಿಗೆ ಹೋಲ್ಡರ್ ಅಂದರೆ ದುಡಿಮೆಯ ಸಾಧನ. ಗಾಡಿ ಓಡಿಸುವಾಗ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ, ಗಮನ ಕೆಡದ ಹಾಗೆ ಬಳಸಬಹುದು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಕಾನೂನು ಒಪ್ಪಿದೆ, ಹೊಟ್ಟೆಪಾಡಿಗೆ ಬೇಕೇ ಬೇಕು. ಆದರೂ ಈ ವಸ್ತುವಿನ ವಿನ್ಯಾಸವನ್ನು ಕುರಿತು ಗಂಭೀರವಾದ ಮಾತು ನಮ್ಮಲ್ಲಿ ನಡೆದಿಲ್ಲ. ನೂರಿನ್ನೂರು ರೂಪಾಯಿಯ ಸಾಮಾನಿಗೆ ಎಂಥ ವಿಮರ್ಶೆ ಎಂಬ ಧೋರಣೆಯೇ ಅದಕ್ಕೆ ಕಾರಣ. ಆ ಸಾಮಾನಿನ ಮೇಲೆ ಕೂಡುವುದು ಒಬ್ಬ ಹುಡುಗನ ಒಂದು ತಿಂಗಳ ಗಳಿಕೆಯಷ್ಟು ಬೆಲೆಯ ಫೋನು ಎಂಬುದು ಲೆಕ್ಕಕ್ಕೆ ಬರಬೇಕಿತ್ತು.

ಪೈಪಿನಿಂದಲೇ ಶುರು ಮಾಡೋಣ. ಸಾಮಾನ್ಯ ಮೋಟಾರ್‌ಸೈಕಲ್ಲಿನ ಹ್ಯಾಂಡಲ್ ಪೈಪಿನ ಹೊರವ್ಯಾಸ ಸುಮಾರು 22 ಮಿಲಿಮೀಟರ್, ಇಂಚಿನ ಲೆಕ್ಕದಲ್ಲಿ ಎಂಟರಲ್ಲಿ ಏಳು ಪಾಲು. ಹೊಸ ಗೇರ್ ಸೈಕಲ್‌ಗಳ ಹ್ಯಾಂಡಲ್ ನಡುಭಾಗದಲ್ಲಿ 31.8 ಮಿಲಿಮೀಟರ್ ಇರುವುದು ಮಾಮೂಲು. ತಯಾರಕ ಎರಡಕ್ಕೂ ಒಂದೇ ಕ್ಲಾಂಪ್ ಮಾರಲು ಬಯಸುತ್ತಾನೆ. ಹಾಗಾಗಿ ದೊಡ್ಡ ಪೈಪಿಗೆ ಹೊಂದುವ ಕಮಾನನ್ನು ಕೊರೆದು, ಸಣ್ಣದಕ್ಕೆ ರಬ್ಬರಿನ ಒಂದು ತೆಳು ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ದೊಡ್ಡ ಕಮಾನು ಸಣ್ಣ ಪೈಪಿನ ಮೇಲೆ ಕೂತಾಗ ಪ್ರತಿ ದವಡೆಯೂ ಒಂದೇ ಗೆರೆಯಲ್ಲಿ ತಾಗುತ್ತದೆ. ಎರಡು ದವಡೆ, ಎರಡೇ ಗೆರೆ. ಉಳಿದ ಜಾಗವೆಲ್ಲ ಖಾಲಿ. ನಟ್ಟನ್ನು ಎಷ್ಟು ತಿರುವಿದರೂ ಆ ಎರಡು ಗೆರೆಗಳ ಮೇಲೆ ಭಾರ ಏರುತ್ತದೆಯೇ ಹೊರತು ಹಿಡಿತ ಸುತ್ತಲೂ ಹರಡುವುದಿಲ್ಲ. ಬದಲಿಗೆ ದವಡೆಗೆ ವಿ ಆಕಾರದ ತೋಡು ಕೊರೆದಿದ್ದರೆ 22 ಇರಲಿ 30 ಇರಲಿ, ಪೈಪು ಪ್ರತಿ ದವಡೆಗೆ ಎರಡು ಕಡೆ ತಾಗಿ ತಾನಾಗಿ ನಡುವಿಗೆ ಬಂದು ಕೂಡುತ್ತದೆ. ಲೇಥ್ ಕೆಲಸ ಮಾಡುವ ಯಾವ ಮಿಸ್ತ್ರಿಗೂ ವಿ ಬ್ಲಾಕ್ ಹೊಸದಲ್ಲ. ದುಂಡನೆಯ ಸರಳನ್ನು ಅವನು ಕೂಡಿಸುವುದೇ ಅದರ ಮೇಲೆ. ಇಷ್ಟು ಹಳೆಯ ತಿಳಿವಳಿಕೆ ಎಷ್ಟೋ ಹೋಲ್ಡರ್‌ಗಳಲ್ಲಿ ಕಾಣದೆ ಇರುವುದು ವಿನ್ಯಾಸಕರ ಅಸಡ್ಡೆ.

ಎರಡನೆಯದು ತೋಳಿನ ಉದ್ದ. ಫೋನಿನ ತೂಕ 200 ಗ್ರಾಂ, ಪೈಪಿನ ನಡುವಿನಿಂದ ಅದರ ದೂರ 8 ಸೆಂಟಿಮೀಟರ್ ಎಂದುಕೊಳ್ಳಿ. ಗುಂಡಿಗೆ ಬಿದ್ದಾಗ ತೂಕದ ಐದು ಪಟ್ಟು ಹೊಡೆತ ಬಿತ್ತು ಎನ್ನೋಣ. ಆಗ ಪೈಪಿನ ಸುತ್ತ ತಿರುಗಿಸುವ ಬಲ ಸುಮಾರು 0.8 ನ್ಯೂಟನ್ ಮೀಟರ್. 11 ಮಿಲಿಮೀಟರ್ ತ್ರಿಜ್ಯದ ಪೈಪಿನ ಮೇಲೆ ಅದನ್ನು ತಡೆಯಲು 71 ನ್ಯೂಟನ್ ಘರ್ಷಣೆ ಬೇಕು. ಬರಿ ಪ್ಲಾಸ್ಟಿಕ್ ನಯವಾದ ಕ್ರೋಮ್ ಪೈಪಿನ ಮೇಲಿದ್ದು ಘರ್ಷಣೆಯ ಗುಣಾಂಕ 0.2 ಇದ್ದರೆ ಒಟ್ಟು ಒತ್ತು 36 ಕಿಲೋ ತೂಕದಷ್ಟಾಗಬೇಕು. ನಡುವೆ ರಬ್ಬರಿದ್ದು ಗುಣಾಂಕ 0.6ಕ್ಕೆ ಏರಿದರೆ 12 ಕಿಲೋ ಸಾಕು. ತೋಳನ್ನು 4 ಸೆಂಟಿಮೀಟರಿಗೆ ಇಳಿಸಿದರೆ ಅದೂ ಅರ್ಧವಾಗುತ್ತದೆ. ಎಲ್ಲರೂ ತಲೆ ಕೆಡಿಸಿಕೊಳ್ಳುವ ಬೋಲ್ಟಿನ ಬಿಗಿ ಈ ಲೆಕ್ಕದಲ್ಲಿ ಮೂರನೆಯ ಸ್ಥಾನಕ್ಕೆ ಇಳಿಯುತ್ತದೆ. ಮೇಲ್ಮೈ ಮತ್ತು ತೋಳು ಅದಕ್ಕಿಂತ ಮೊದಲು. ಅಂಗಡಿಯಲ್ಲಿ ನಾವು ಮೆಚ್ಚುವ ಹೋಲ್ಡರ್ ಯಾವುದು? ಉದ್ದ ತೋಳಿನ, ಎಲ್ಲ ಕಡೆ ತಿರುಗುವ, ಹೊಳೆಯುವ ಲೋಹದ್ದು.

ಇಲ್ಲಿ ಒಂದು ಪ್ರತಿವಾದ ಬರುತ್ತದೆ, ಅದು ಬಲವಾದದ್ದೇ. ನಮ್ಮ ಗ್ಯಾರೇಜಿನವರು ಹಳೆ ಟ್ಯೂಬಿನ ತುಂಡು ಕತ್ತರಿಸಿ ಪೈಪಿಗೆ ಸುತ್ತಿ ಅದರ ಮೇಲೆ ಕ್ಲಾಂಪ್ ಕೂಡಿಸುತ್ತಾರೆ. ಹೋಲ್ಡರ್ ಜಾರುವುದಿಲ್ಲ, ಬಣ್ಣ ಕೆತ್ತುವುದಿಲ್ಲ. ದೇಸಿ ಜಾಣತನದ ಮುಂದೆ ಇಂಜಿನಿಯರಿಂಗ್ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಟ್ಯೂಬಿನ ತುಂಡಿನ ಬಗ್ಗೆ ನನಗೂ ಗೌರವವಿದೆ. ಮೇಲಿನ ಲೆಕ್ಕದ 36 ಕಿಲೋವನ್ನು 12ಕ್ಕೆ ಇಳಿಸುವುದು ಅದೇ. ಆದರೆ ಅದನ್ನು ಹೊಗಳುವವರು ಅದು ಮಾಡದ ಕೆಲಸವನ್ನೂ ಅದರ ಹೆಸರಿಗೆ ಬರೆಯುತ್ತಾರೆ. ರಬ್ಬರಿದೆ, ಹಾಗಾಗಿ ನಡುಕವೂ ತಡೆಯುತ್ತದೆ ಎನ್ನುತ್ತಾರೆ. ತಡೆಯುವುದಿಲ್ಲ. ಎರಡು ಮಿಲಿಮೀಟರ್ ದಪ್ಪದ ರಬ್ಬರನ್ನು ಕ್ಲಾಂಪಿನಡಿ ಹಾಕಿ ಹಿಂಡಿದ ಮೇಲೆ ಅದಕ್ಕೆ ಆಡಲು ಜಾಗ ಉಳಿಯುವುದಿಲ್ಲ. ಅದು ಹಿಡಿತ ಕೊಡುತ್ತದೆ, ನಡುಕವನ್ನು ಹಾಗೆಯೇ ದಾಟಿಸುತ್ತದೆ.

ಗುಂಡಿಯ ಹೊಡೆತ ಬೇರೆ, ಇಂಜಿನ್ನಿನ ನಡುಕ ಬೇರೆ. ಜನಪ್ರಿಯ ಅಭಿಪ್ರಾಯ ಇವೆರಡನ್ನೂ ಒಂದೇ ಗಂಟು ಕಟ್ಟಿದೆ, ನನ್ನ ಮುಖ್ಯ ತಕರಾರು ಇರುವುದೇ ಅಲ್ಲಿ. ಗುಂಡಿಯ ಹೊಡೆತ ದೊಡ್ಡದು, ಆಗೊಮ್ಮೆ ಈಗೊಮ್ಮೆ ಬರುವಂಥದ್ದು. ಒಂದೇ ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸಲ ಹ್ಯಾಂಡಲನ್ನು ನಡುಗಿಸುತ್ತದೆ. ಈ ನಡುಕ ಚಿಕ್ಕದು, ಗಾಡಿ ನಿಲ್ಲುವ ತನಕ ಎಡೆಬಿಡದು. ಮೊದಲನೆಯದಕ್ಕೆ ಗಿಡ್ಡ ತೋಳು, ಒಳ್ಳೆಯ ಘರ್ಷಣೆ ಸಾಕು. ಎರಡನೆಯದಕ್ಕೆ ಫೋನು ಮತ್ತು ಪೈಪಿನ ನಡುವೆ ಎಲ್ಲೋ ಒಂದು ಕಡೆ ಮೆದುವಾದ, ಆಡಲು ಬಿಡುವ ಕೊಂಡಿ ಇರಲೇಬೇಕು. ಆ ಕೊಂಡಿಯ ಸಹಜ ಕಂಪನ ಇಂಜಿನ್ನಿನ ಕಂಪನಕ್ಕಿಂತ ಸಾಕಷ್ಟು ಕೆಳಗಿರಬೇಕು. ಸೆಕೆಂಡಿಗೆ 100ರ ನಡುಕ ತಗ್ಗಬೇಕಾದರೆ ಅದು 70ಕ್ಕಿಂತ ಕಡಿಮೆ ಇರಬೇಕು. ಎರಡೂ ಹತ್ತಿರ ಬಂದರೆ ನಡುಕ ಇಳಿಯುವ ಬದಲು ಏರುತ್ತದೆ. ತೀರಾ ಮೆದುವಾದರೆ ಗುಂಡಿ ಬಂದಾಗ ಫೋನು ತೂಗಾಡಿ ಪರದೆ ಓದಲು ಬರುವುದಿಲ್ಲ. ಕಷ್ಟದ ಕೆಲಸ ಇದು, ಹೋಲ್ಡರ್ ವಿನ್ಯಾಸ ಅಂದರೆ ಇದೇ. ಉಳಿದದ್ದು ಅಲಂಕಾರ.

ನಡುಕದಿಂದ ಫೋನಿಗೇನಾಗುತ್ತದೆ ಎಂದು ಕೇಳುವವರಿಗೆ ಆಪಲ್ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಉತ್ತರ ಕೊಟ್ಟಿದೆ. ಐಫೋನ್ ಕ್ಯಾಮೆರಾದೊಳಗೆ ಚಿತ್ರ ಅಲುಗದಂತೆ ಲೆನ್ಸನ್ನು ಸರಿಸುವ ಸೂಕ್ಷ್ಮ ವ್ಯವಸ್ಥೆಯಿದೆ. ಭಾರಿ ಮೋಟಾರ್‌ಸೈಕಲ್‌ಗಳ ನಡುಕ ಹ್ಯಾಂಡಲ್ ಮೂಲಕ ಸತತವಾಗಿ ತಾಗಿದರೆ ಅದು ಕೆಡಬಹುದು ಎಂದು ಕಂಪನಿಯೇ ಪ್ರಕಟಿಸಿತು. ಆ ಸುದ್ದಿಯನ್ನು ನಮ್ಮವರು ಓದಿದ್ದು ಹೇಗೆಂದರೆ, ಅದು ಹಾರ್ಲೆ ಓಡಿಸುವವರ ಪಾಡು, ನಮ್ಮ 100 ಸಿಸಿ ಗಾಡಿಗೆ ಸಂಬಂಧವಿಲ್ಲ. ಅದೇ ಪ್ರಕಟಣೆ ಮೊಪೆಡ್, ಸ್ಕೂಟರಿನಂಥ ಸಣ್ಣ ಗಾಡಿಗಳಿಗೂ ನಡುಕ ತಗ್ಗಿಸುವ ಹೋಲ್ಡರನ್ನೇ ಬಳಸಿ ಎಂದಿದ್ದು ಯಾರ ಕಿವಿಗೂ ಬೀಳಲಿಲ್ಲ.

ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ಗಾಡಿಯನ್ನೇ ನೋಡಿ. ಪೆಟ್ರೋಲ್ ಟ್ಯಾಂಕು ರಬ್ಬರ್ ಬುಶ್ ಮೇಲೆ ಕೂತಿರುತ್ತದೆ. ಸ್ಪೀಡೋಮೀಟರಿನ ಡಬ್ಬಿಗೂ ಬಹಳ ಗಾಡಿಗಳಲ್ಲಿ ರಬ್ಬರ್ ಆಧಾರವಿದೆ. ಮುಳ್ಳಿನ ಮೀಟರನ್ನೂ ಬರಿ ಲೋಹಕ್ಕೆ ಲೋಹ ಬಿಗಿಯಬಾರದು ಎಂದು ಗಾಡಿ ಮಾಡಿದವನಿಗೆ ತಿಳಿದಿದೆ. ಅದರ ಪಕ್ಕದಲ್ಲೇ ನಾವು ಅದಕ್ಕಿಂತ ಎಷ್ಟೋ ನಾಜೂಕಾದ ಕ್ಯಾಮೆರಾ ಇರುವ ಫೋನನ್ನು ಅಲ್ಯೂಮಿನಿಯಂ ದವಡೆಯಲ್ಲಿ ಕಚ್ಚಿಸಿ, ಗಟ್ಟಿಯಾಯಿತು ಎಂದು ಸಮಾಧಾನಪಡುತ್ತೇವೆ.

ಹೊರಗಿನ ಒಳ್ಳೆಯ ತಯಾರಕರು ಈ ಪಾಠವನ್ನು ಬೇರೆ ಬೇರೆ ದಾರಿಯಲ್ಲಿ ಕಲಿತಿದ್ದಾರೆ. ಅಮೆರಿಕದ ರಾಮ್ ಮೌಂಟ್ಸ್ ರಬ್ಬರ್ ಹೊದಿಸಿದ ಗುಂಡನ್ನು ಎರಡು ಬಟ್ಟಲಿನ ನಡುವೆ ಹಿಡಿಯುತ್ತದೆ. ಸೈಕಲ್ಲಿಗೆ ಬರುವ ಗಾರ್ಮಿನ್ ಕಂಪ್ಯೂಟರ್‌ಗಳ ಜತೆ ಪೈಪಿಗೆ ಸುತ್ತುವ ರಬ್ಬರ್ ಉಂಗುರ ಕೊಡುತ್ತಾರೆ, ಪಾನಾ ಬೇಡ, ಸ್ಕ್ರೂ ಬೇಡ. ಬಿಗಿ ಲಾಕಿಗೆ ಹೆಸರಾದ ಆಸ್ಟ್ರೇಲಿಯಾದ ಕ್ವಾಡ್ ಲಾಕ್ ಕೂಡ ಮೋಟಾರ್‌ಸೈಕಲ್ಲಿಗೆಂದು ನಡುಕ ತಗ್ಗಿಸುವ ಬಿಡಿಭಾಗವನ್ನು ಬೇರೆ ದುಡ್ಡಿಗೆ ಮಾರುತ್ತದೆ. ಬಿಗಿಯೊಂದೇ ಸಾಲದು ಎಂದು ಆ ಕಂಪನಿಯೇ ಒಪ್ಪಿದಂತಾಯಿತು. ಸ್ಟೇಶನ್ ಬಜಾರಕ್ಕೆ ಬರುವ ನಕಲುಗಳು ಲಾಕಿನ ಆಕಾರವನ್ನು ತಂದವು, ನಡುಕ ತಗ್ಗಿಸುವ ಭಾಗವನ್ನು ಬಿಟ್ಟು ಬಂದವು.

ಸ್ಕೂಟರಿನ ಕತೆ ಬೇರೆ. ಆಕ್ಟಿವಾದಂಥ ಸ್ಕೂಟರುಗಳಲ್ಲಿ ಹ್ಯಾಂಡಲ್ ಪೈಪು ಪ್ಲಾಸ್ಟಿಕ್ ಕವಚದೊಳಗಿದೆ, ಹೋಲ್ಡರ್ ಹಿಡಿಯಲು ಪೈಪೇ ಇಲ್ಲ. ಆಗ ಕನ್ನಡಿಯ ಕಡ್ಡಿಗೆ ಬೀಳುತ್ತಾರೆ. ಎಲ್ಲರೂ ಒಪ್ಪಿಕೊಂಡ ಈ ಜಾಗ ಇರುವುದರಲ್ಲೇ ಕೆಟ್ಟದ್ದು. ಗಾಡಿ ನಿಂತಲ್ಲೇ ಇಂಜಿನ್ ಓಡುವಾಗ ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರ್ ಓದಲು ನೋಡಿ, ಅಕ್ಷರಗಳು ಕಲಸಿಹೋಗಿರುತ್ತವೆ. ಒಂದೇ ತುದಿಯಲ್ಲಿ ಸಿಕ್ಕಿಕೊಂಡ ತೆಳು ಕಡ್ಡಿ ಬುಡದ ನಡುಕವನ್ನು ಮೇಲಕ್ಕೆ ಹೋದಂತೆ ಹಿಗ್ಗಿಸುತ್ತದೆ. ಅದೇ ಕಡ್ಡಿಗೆ 200 ಗ್ರಾಂ ಫೋನು ತೂಗುಹಾಕಿ, ಜತೆಗೆ ಕನ್ನಡಿಯ ನಟ್ಟನ್ನೂ ಸಡಿಲಿಸಿಕೊಳ್ಳುತ್ತೇವೆ. ಕನ್ನಡಿಯ ಬುಡದಲ್ಲೇ, ನಟ್ಟಿನ ಕೆಳಗೆ ಕೂಡುವ ಗಿಡ್ಡ ಪಟ್ಟಿ ಇದಕ್ಕಿಂತ ಎಷ್ಟೋ ಮೇಲು.

ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಬೇಕು, ಕಲಬುರಗಿಯಲ್ಲಿ ಕೂತು ಅದನ್ನು ಬಿಟ್ಟು ಮಾತಾಡುವುದು ಸಾಧ್ಯವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ನೆರಳಿನ ತಾಪವೇ 40 ಡಿಗ್ರಿ ದಾಟುತ್ತದೆ. ಐಫೋನನ್ನು 35 ಡಿಗ್ರಿಯೊಳಗೆ ಬಳಸಿ ಎನ್ನುತ್ತದೆ ಅದರ ಕಂಪನಿ. ಮಳೆಗೆಂದು ಮಾಡಿದ, ಮುಂದೆ ಪಾರದರ್ಶಕ ಹಾಳೆಯ ಮುಚ್ಚಿದ ಚೀಲದೊಳಗೆ ಚಾರ್ಜಿಂಗ್ ವೈರು ಸಿಕ್ಕಿಸಿ ಫೋನಿಟ್ಟರೆ ಗಾಳಿಯಾಡುವುದಿಲ್ಲ. ಪರದೆ ಮಂಕಾಗುತ್ತದೆ, ಕೊನೆಗೆ ಫೋನೇ ಆಫ್ ಆಗುತ್ತದೆ. ಪ್ಲಾಸ್ಟಿಕ್ಕಿನದು ಇನ್ನೊಂದು ಕತೆ. ಬಿಗಿದಿಟ್ಟ ಪ್ಲಾಸ್ಟಿಕ್ ಬಿಸಿಲಿಗೆ ಮೆಲ್ಲನೆ ಸರಿದು ಬೋಲ್ಟಿನ ಸೆಳೆತ ತಾನಾಗಿ ಇಳಿಯುತ್ತದೆ. ಸವಾರ ಮತ್ತೆ ಬಿಗಿಯುತ್ತಾನೆ, ಅದು ಮತ್ತೆ ಸರಿಯುತ್ತದೆ, ಒಂದು ದಿನ ಕ್ಲಾಂಪಿನ ಕಿವಿ ಒಡೆಯುತ್ತದೆ. ತಪ್ಪು ಅವನ ಕೈಯದು ಎನ್ನುತ್ತಾರೆ. ಬೋಲ್ಟಿನ ಕೆಳಗೆ ಒಂದು ಸ್ಪ್ರಿಂಗ್ ವಾಶರ್ ಕೊಟ್ಟಿದ್ದರೂ ಈ ಸಡಿಲವನ್ನು ಬಹುಪಾಲು ತುಂಬಿಕೊಳ್ಳಬಹುದಿತ್ತು. ಜಿಪ್ ಟೈ ಬಿಗಿಯುವವರಿಗೂ ಒಂದು ಮಾತು: 1958ರಲ್ಲಿ ವಿಮಾನಗಳ ವೈರು ಕಟ್ಟಲೆಂದು ಹುಟ್ಟಿದ ಈ ಪಟ್ಟಿಯ ನೈಲಾನ್ ಮೆದುವಾಗಿರಲು ಗಾಳಿಯ ತೇವ ಬೇಕು. ನಮ್ಮ ಒಣ ಬೇಸಿಗೆಯಲ್ಲಿ ಅದು ಪೆಡಸಾಗುತ್ತದೆ. ಬಿಳಿಯದನ್ನು ಬಿಟ್ಟು ಕರಿಯದನ್ನು ತಗೊಳ್ಳಿ, ಅದರಲ್ಲಿರುವ ಕಾರ್ಬನ್ ಬಿಸಿಲನ್ನು ತಡೆಯುತ್ತದೆ.

ಲೋಹದ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಅದು ಬಿಸಿಲಿಗೆ ಹೀಗೆ ಸರಿಯುವುದಿಲ್ಲ, ಕಿವಿ ಬೇಗ ಒಡೆಯುವುದಿಲ್ಲ, ಕಳ್ಳನಿಗೆ ಸುಲಭದ ತುತ್ತಲ್ಲ. ಪೈಪಿನ ಕಡೆಯ ದವಡೆಗೆ ಲೋಹವೇ ಸರಿ ಎಂದು ನಾನೂ ಒಪ್ಪುತ್ತೇನೆ. ಫೋನಿನ ಕಡೆಗೂ ಅದೇ ತರ್ಕ ಹಚ್ಚುವುದು ತಪ್ಪು. ಡೆಲಿವರಿ ಹುಡುಗ ಪ್ರತಿ ಮನೆ ಮುಂದೆ ಫೋನು ತೆಗೆಯುತ್ತಾನೆ, ಒಟಿಪಿ ಕೇಳುತ್ತಾನೆ, ಮತ್ತೆ ಕೂಡಿಸುತ್ತಾನೆ. ಇನ್ನೊಂದು ಕೈಯಲ್ಲಿ ಚೀಲವಿರುತ್ತದೆ. ಎರಡು ಕೈ ಬೇಡುವ ನಾಲ್ಕು ಮೂಲೆಯ ಲಾಕು ಅವನಿಗೆ ದಿನವಿಡೀ ಕಾಟ. ಬದಿಯಿಂದ ಒತ್ತುವ ದವಡೆಗಳದು ಮತ್ತೊಂದು ತೊಂದರೆ. ಅವು ಸರಿಯಾಗಿ ಫೋನಿನ ಪವರ್ ಬಟನ್ ಮೇಲೆ ಕೂತು ಪರದೆ ಆರಿಸುತ್ತವೆ. ಬಳಸುವವನನ್ನು ಒಂದು ದಿನ ಹಿಂಬಾಲಿಸಿದ್ದರೆ ವಿನ್ಯಾಸಕನಿಗೆ ಇದು ತಿಳಿಯುತ್ತಿತ್ತು.

ಹೀಗಿರುವಾಗ ನನ್ನ ಮನವಿ ಇಬ್ಬರಿಗೆ. ಕಲಬುರಗಿಯಲ್ಲಿ 1958ರಿಂದ ಪಿಡಿಎ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯ, ಹಾಗೂ ಊರಿನ ಇತರ ಕಾಲೇಜುಗಳ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಈ ಹೋಲ್ಡರನ್ನು ಎತ್ತಿಕೊಳ್ಳಲಿ. ವಿ ದವಡೆ, ಗಿಡ್ಡ ತೋಳು, ನಡುವೆ ರಬ್ಬರ್ ಬುಶ್, ಒಂದೇ ಕೈಯಲ್ಲಿ ಬಿಚ್ಚುವ ಹಿಡಿ. ಪರೀಕ್ಷೆಗೆ ಪ್ರಯೋಗಾಲಯದ ಮೇಜು ಬೇಡ. ಗಾಡಿಗೆ ಹಾಕಿಕೊಂಡು ಮೇ ತಿಂಗಳ ಮಧ್ಯಾಹ್ನ ಹುಮನಾಬಾದ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗಿ ಬನ್ನಿ, ಒಂದು ತಿಂಗಳು ಹೀಗೆ ಓಡಾಡಿದ ಮೇಲೆ ಬೋಲ್ಟಿನಲ್ಲಿ ಎಷ್ಟು ಬಿಗಿ ಉಳಿದಿದೆ ಎಂದು ಅಳೆಯಿರಿ. ಇನ್ನು ಕೊಳ್ಳುವವರಿಗೆ: ಅಂಗಡಿಯಲ್ಲಿ ಫೋನು ಜಗ್ಗಿ ನೋಡಬೇಡಿ. ಹೋಲ್ಡರನ್ನು ನಿಮ್ಮ ಗಾಡಿಯ ಪೈಪಿಗೆ ಹಾಕಿಸಿ, ತುದಿ ಹಿಡಿದು ಪೈಪಿನ ಸುತ್ತ ತಿರುಗಿಸಿ ನೋಡಿ. ಆಮೇಲೆ ಇಂಜಿನ್ ಚಾಲೂ ಮಾಡಿ ಪರದೆಯ ಮೇಲಿನ ಸಣ್ಣ ಅಕ್ಷರ ಓದಿ. ತಿರುಗಿದರೆ ಅಥವಾ ಅಕ್ಷರ ಕಲಸಿದರೆ, ಅದು ಎಷ್ಟೇ ಫುಲ್ ಮೆಟಲ್ ಆಗಿರಲಿ, ದುಡ್ಡು ಕೊಡದೆ ವಾಪಸ್ ಇಡಿ.