ದಾನವೋ, ಋಣಸಂದಾಯವೋ?

ಒಬ್ಬನ ಬಡತನಕ್ಕೆ ಕಾರಣ ಹುಡುಕಹೊರಟವರು ಸಾಮಾನ್ಯವಾಗಿ ಆ ಬಡವನ ಮನೆಯೊಳಗೇ ಹುಡುಕುತ್ತಾರೆ. ಸೋಮಾರಿತನ, ದುಂದುವೆಚ್ಚ, ಮನೆಯೊಡೆಯನ ಅವಿವೇಕ ಮುಂತಾದುವು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ನೆರೆಮನೆಯವನ ಲೆಕ್ಕದ ಪುಸ್ತಕವನ್ನು ತೆರೆದು ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ರಾಷ್ಟ್ರಗಳ ಬಡತನವನ್ನು ಕುರಿತ ಪಾಂಡಿತ್ಯವೂ ಹಲವೊಮ್ಮೆ ಇದೇ ಹಾದಿ ಹಿಡಿಯುತ್ತದೆ. ಡ್ಯಾರನ್ ಅಸೆಮೊಗ್ಲು ಮತ್ತು ಜೇಮ್ಸ್ ರಾಬಿನ್ಸನ್ 2012ರಲ್ಲಿ ಪ್ರಕಟಿಸಿದ ‘ವೈ ನೇಷನ್ಸ್ ಫೇಲ್’ ಎಂಬ ಗ್ರಂಥವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ. ಸೈಮನ್ ಜಾನ್ಸನ್ನರೊಡನೆ ಇವರಿಬ್ಬರಿಗೂ 2024ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿರುವುದರಿಂದ ಈ ಗ್ರಂಥದ ವಾದವು ಇಂದು ಬಹುಮಟ್ಟಿಗೆ ಸರ್ವಮಾನ್ಯವೆನಿಸಿದೆ.

ಗ್ರಂಥವು ನೊಗಾಲೆಸ್ ಎಂಬ ಊರಿನಿಂದ ಆರಂಭವಾಗುತ್ತದೆ. ಊರಿನ ನಡುವೆ ಬೇಲಿ. ಬೇಲಿಯ ಉತ್ತರಕ್ಕೆ ಅಮೆರಿಕದ ಅರಿಜೋನ, ದಕ್ಷಿಣಕ್ಕೆ ಮೆಕ್ಸಿಕೋದ ಸೊನೋರಾ. ನೆಲ ಒಂದೇ, ಹವೆ ಒಂದೇ, ಜನರ ಮೂಲವೂ ಬಹುಪಾಲು ಒಂದೇ. ಆದರೂ ಉತ್ತರದವರು ಅನುಕೂಲಸ್ಥರು, ದಕ್ಷಿಣದವರು ಬಡವರು. ಆದುದರಿಂದ ಬಡತನಕ್ಕೆ ಭೂಗೋಳವಾಗಲಿ, ಸಂಸ್ಕೃತಿಯಾಗಲಿ, ಆಳುವವರ ಅಜ್ಞಾನವಾಗಲಿ ಮೂಲಕಾರಣವಲ್ಲ ಎಂಬುದು ಲೇಖಕರ ನಿರ್ಣಯ. ಎಲ್ಲರನ್ನೂ ಒಳಗೊಳ್ಳುವ ಸಂಸ್ಥೆಗಳಿರುವಲ್ಲಿ ಸಂಪತ್ತು ಬೆಳೆಯುತ್ತದೆ. ಕೆಲವರು ಹಲವರನ್ನು ಹೀರುವ ಸಂಸ್ಥೆಗಳಿರುವಲ್ಲಿ ಬಡತನ ನೆಲೆಯೂರುತ್ತದೆ ಎಂಬುದು ಅವರ ಸಿದ್ಧಾಂತ.

ಈ ಗ್ರಂಥದ ಗುಣವನ್ನು ಮರೆಮಾಚುವುದು ನ್ಯಾಯವಲ್ಲ. ಉಷ್ಣದೇಶದವರು ಸ್ವಭಾವತಃ ಆಲಸಿಗಳು ಎಂಬ ಹಳೆಯ ಅಪವಾದವನ್ನು ಅದು ಯುಕ್ತಿಯುಕ್ತವಾಗಿ ಖಂಡಿಸುತ್ತದೆ. ವಸಾಹತುಶಾಹಿಯ ಪಾತಕಗಳನ್ನೂ ಬಚ್ಚಿಡುವುದಿಲ್ಲ. ಜಾಯಿಕಾಯಿಯ ಆಸೆಗಾಗಿ 1621ರಲ್ಲಿ ಡಚ್ಚರು ಬಾಂಡಾ ದ್ವೀಪದ ಜನರನ್ನು ಸಂಹರಿಸಿದ ಸಂಗತಿ ಅಲ್ಲಿದೆ. ಆದರೆ ಹೀರುವ ಸಂಸ್ಥೆಗಳು ಒಮ್ಮೆ ಹುಟ್ಟಿದ ಮೇಲೆ ಅವುಗಳ ಮುಂದಿನ ಬಾಳುವೆ ಮುಖ್ಯವಾಗಿ ಆಯಾ ದೇಶದ ಆಂತರಿಕ ರಾಜಕಾರಣದ ಕಥೆಯಾಗಿಬಿಡುತ್ತದೆ. ಹೀರಿದ ರಸ ಯಾವ ಪಾತ್ರೆಗೆ ಹೋಯಿತು, ಆ ಪಾತ್ರೆಯವನ ಹೊಣೆಯೇನು ಎಂಬ ಪ್ರಶ್ನೆಗಳು ಹಿಂದೆ ಸರಿಯುತ್ತವೆ.

ಈ ಸಿದ್ಧಾಂತವನ್ನು ಹೈಟಿ ದೇಶದ ಒರೆಗಲ್ಲಿಗೆ ಹಚ್ಚಿ ನೋಡೋಣ. ಹದಿನೆಂಟನೆಯ ಶತಮಾನದಲ್ಲಿ ‘ಸಾಂ ದೊಮಾಂಗ್’ ಎಂಬ ಹೆಸರಿನ ಈ ಫ್ರೆಂಚ್ ವಸಾಹತು ಯೂರೋಪಿಗೆ ಸಕ್ಕರೆ ಮತ್ತು ಕಾಫಿಯನ್ನು ಒದಗಿಸುವುದರಲ್ಲಿ ಅಗ್ರಗಣ್ಯವಾಗಿತ್ತು. ದುಡಿದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. 1791ರಲ್ಲಿ ಅವರು ದಂಗೆಯೆದ್ದು, 1804ರ ಜನವರಿ 1ರಂದು ಸ್ವತಂತ್ರರಾದರು. ಇಪ್ಪತ್ತೊಂದು ವರ್ಷಗಳ ತರುವಾಯ, 1825ರಲ್ಲಿ, ಫ್ರಾನ್ಸಿನ ದೊರೆ ಹತ್ತನೆಯ ಚಾರ್ಲ್ಸ್ ಯುದ್ಧನೌಕೆಗಳೊಡನೆ ಒಂದು ಆಜ್ಞಾಪತ್ರವನ್ನು ಕಳುಹಿದನು. ಆಸ್ತಿ ಕಳೆದುಕೊಂಡ ವಸಾಹತುಗಾರರಿಗೆ 150 ದಶಲಕ್ಷ ಫ್ರಾಂಕ್ ಪರಿಹಾರ ಕೊಟ್ಟರೆ ಮಾತ್ರ ಸ್ವಾತಂತ್ರ್ಯಕ್ಕೆ ಮನ್ನಣೆ ಎಂಬುದು ಷರತ್ತು. ಆ ಆಸ್ತಿಯಲ್ಲಿ ಗುಲಾಮರೂ ಸೇರಿದ್ದರು. ಎಂದರೆ, ಬಿಡುಗಡೆ ಹೊಂದಿದವರು ತಮ್ಮ ದೇಹಗಳ ಬೆಲೆಯನ್ನು ತಾವೇ ತೆರಬೇಕಾಯಿತು!

ಮೊದಲ ಕಂತನ್ನು ಕಟ್ಟಲು ಹೈಟಿ ಪ್ಯಾರಿಸ್ಸಿನಲ್ಲೇ 30 ದಶಲಕ್ಷ ಫ್ರಾಂಕ್ ಸಾಲವೆತ್ತಿತು. ಸಾಲ ಕೊಟ್ಟವರು 6 ದಶಲಕ್ಷವನ್ನು ಮುರಿದುಕೊಂಡು 24 ದಶಲಕ್ಷ ಕೊಟ್ಟರು. 1838ರಲ್ಲಿ ಪರಿಹಾರದ ಒಟ್ಟು ಮೊತ್ತ 90 ದಶಲಕ್ಷಕ್ಕೆ ಇಳಿಯಿತು. ಆದರೂ ಸಾಲ ತೀರಿಸಲು ಸಾಲ, ಅದನ್ನು ತೀರಿಸಲು ಮತ್ತೊಂದು ಸಾಲ ಎಂಬಂತೆ ಬೆಳೆದ ಸರಪಳಿಯ ಕಡೆಯ ಕೊಂಡಿ ಕಳಚಿದ್ದು 1947ರಲ್ಲಿ. ಈ ನಡುವೆ 1915ರಿಂದ 1934ರವರೆಗೆ ಅಮೆರಿಕದ ಸೇನೆ ದೇಶವನ್ನೇ ಆಕ್ರಮಿಸಿಕೊಂಡು ಅದರ ಬೊಕ್ಕಸವನ್ನು ತನ್ನ ಹತೋಟಿಯಲ್ಲಿರಿಸಿಕೊಂಡಿತ್ತು.

ಈಗ ಗ್ರಂಥಕರ್ತರ ಅಳತೆಗೋಲನ್ನೇ ಹಿಡಿಯೋಣ. ಹೈಟಿಯ ಸಂಸ್ಥೆಗಳು ಹೀರುವ ಸಂಸ್ಥೆಗಳೇ ಆಗಿದ್ದುವು, ನಿಜ. ಅಧ್ಯಕ್ಷ ಬಾಯೆ 1826ರಲ್ಲಿ ತಂದ ಗ್ರಾಮೀಣ ಸಂಹಿತೆ ರೈತನನ್ನು ತೋಟಕ್ಕೆ ಕಟ್ಟಿಹಾಕಿತು. ಕಾಫಿಯ ರಫ್ತಿನ ಮೇಲಿನ ಸುಂಕ ಬಡ ಬೆಳೆಗಾರನ ಬೆನ್ನ ಮೇಲೆಯೇ ಬಿದ್ದಿತು. ಆದರೆ ಆ ಸಂಹಿತೆ ಬಂದದ್ದು ಆಜ್ಞಾಪತ್ರದ ಮರುವರ್ಷ ಎಂಬುದನ್ನು ಗಮನಿಸಬೇಕು. ಶಾಲೆ, ರಸ್ತೆ, ಆಸ್ಪತ್ರೆಗಳಾಗಬೇಕಿದ್ದ ಹಣ ಹಡಗನ್ನೇರಿತು. ಹೀರುವ ಸಂಸ್ಥೆ ಇಲ್ಲಿ ಬಡತನಕ್ಕೆ ಕಾರಣ ಮಾತ್ರವಲ್ಲ, ಹೊರಗಿನಿಂದ ಹೇರಿದ ಋಣದ ಕಾರ್ಯವೂ ಹೌದು. ಕಾರಣ-ಕಾರ್ಯಗಳ ಈ ಎಳೆಯನ್ನು ದೇಶದ ಗಡಿಯಲ್ಲಿ ಕತ್ತರಿಸುವುದು ಸರಿಯಾದ ತರ್ಕವಲ್ಲ.

ಹಾಗೆಂದು ಎಲ್ಲ ದೋಷವನ್ನೂ ಪರರ ತಲೆಗೆ ಕಟ್ಟುವುದು ಇನ್ನೊಂದು ಬಗೆಯ ಆತ್ಮವಂಚನೆ. 1957ರಿಂದ 1986ರವರೆಗೆ ದುವಾಲಿಯೇ ತಂದೆ-ಮಕ್ಕಳು ಸ್ವಜನರನ್ನೇ ಹಿಂಸಿಸಿ ಲೂಟಿಮಾಡಿದರು. ಆ ಪಾಪವನ್ನು ಪ್ಯಾರಿಸ್ಸಿಗೆ ಬರೆಯಲಾಗದು. ಆದರೆ ಒಬ್ಬರ ದೋಷ ಮತ್ತೊಬ್ಬರ ದೋಷವನ್ನು ವಜಾ ಮಾಡುವುದಿಲ್ಲ. ನಮ್ಮ ದೇಶದ ದಾದಾಭಾಯಿ ನವರೋಜಿಯವರು 1901ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಾರತದ ಸಂಪತ್ತು ಬ್ರಿಟನ್ನಿಗೆ ಸೋರಿಹೋಗುತ್ತಿರುವುದನ್ನು ಅಂಕಿಸಂಖ್ಯೆಗಳ ಸಮೇತ ಲೆಕ್ಕಹಾಕಿದ್ದರು. ಅವರು ಜಮಾ-ಖರ್ಚಿನ ಎರಡೂ ಪುಟಗಳನ್ನು ಓದಿದವರು. ಆ ವಿವೇಕವೇ ‘ವೈ ನೇಷನ್ಸ್ ಫೇಲ್’ ಗ್ರಂಥದಲ್ಲಿ ಸಾಲದೆನಿಸುತ್ತದೆ.

ಇದು ಕೇವಲ ಪಂಡಿತರ ವಾದವಲ್ಲ. ಬಡತನಕ್ಕೆ ಬಡವನೊಬ್ಬನೇ ಕಾರಣನಾದರೆ ಶ್ರೀಮಂತ ರಾಷ್ಟ್ರವು ಕೊಡುವುದೆಲ್ಲ ದಾನ. ಕೊಟ್ಟವನಿಗೆ ಕೀರ್ತಿ, ಪಡೆದವನಿಗೆ ತಲೆತಗ್ಗಿಸುವ ಪಾಡು. ಕಾರಣದಲ್ಲಿ ಶ್ರೀಮಂತನಿಗೂ ಪಾಲಿದ್ದರೆ ಅದೇ ಹಣ ಋಣಸಂದಾಯ. 2003ರಲ್ಲಿ ಹೈಟಿಯ ಅಧ್ಯಕ್ಷ ಅರಿಸ್ತೀದ್ ಆ ಹಣವನ್ನು ಮರಳಿಸಿರೆಂದು ಫ್ರಾನ್ಸನ್ನು ಕೇಳಿದರು, ಹಣ ಮರಳಲಿಲ್ಲ. ಆಜ್ಞಾಪತ್ರಕ್ಕೆ ಇನ್ನೂರು ವರ್ಷ ತುಂಬಿದ 2025ರ ಏಪ್ರಿಲ್ 17ರಂದು ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರೋನ್ ಉಭಯ ದೇಶಗಳ ಇತಿಹಾಸಕಾರರ ಆಯೋಗವೊಂದನ್ನು ಘೋಷಿಸಿದರು. ಲೆಕ್ಕದ ಪುಸ್ತಕ ತೆರೆಯಲು ಒಪ್ಪಿದ್ದು ಒಳ್ಳೆಯದೇ. ಆದರೆ ಬಾಕಿ ಇಟ್ಟುಕೊಂಡವನು ದಾನಿಯೆಂದು ಕರೆಸಿಕೊಳ್ಳುವುದಕ್ಕೆ ಮೊದಲು ಬಾಕಿ ತೀರಿಸಬೇಕೆಂಬುದು ಸಾಮಾನ್ಯ ವ್ಯಾಪಾರಿಯೂ ಬಲ್ಲ ಧರ್ಮ. ರಾಷ್ಟ್ರಗಳಿಗೆ ಬೇರೆಯದೇ ಒಂದು ಧರ್ಮವಿರಲು ಸಾಧ್ಯವೇ?