ಯಂತ್ರದ ನಾದ, ಮನುಷ್ಯನ ವಿವೇಕ

ವಿದ್ಯುತ್ತಿನಿಂದ ನಾದ ಹೊಮ್ಮಿಸುವ ವಾದ್ಯಕ್ಕೆ ಜೀವವಿಲ್ಲ, ಅದು ಹಾಡನ್ನು ಕೆಡಿಸುತ್ತದೆ ಎಂಬ ದೂರನ್ನು ನೀವೂ ಕೇಳಿರಬಹುದು. ಅದು ಎಷ್ಟರಮಟ್ಟಿಗೆ ನಿಜ? ಸಿಂಥೆಸೈಜರ್ ಜನಪ್ರಿಯ ಸಂಗೀತಕ್ಕೆ ಕಾಲಿಟ್ಟ ದಿನಗಳ ಎರಡು ಧ್ವನಿಮುದ್ರಿಕೆಗಳನ್ನು ಜೊತೆಯಲ್ಲಿಟ್ಟು ಕೇಳಿರಿ. ಎರಡೂ 1969ರವು, ಎರಡರಲ್ಲೂ ನುಡಿಯುವುದು ಮೋಗ್ ಎಂಬ ಯಂತ್ರವೇ.

ಅಮೆರಿಕದ ರಾಬರ್ಟ್ ಮೋಗ್ 1964ರಲ್ಲಿ ಇದರ ಮೊದಲ ಮಾದರಿಯನ್ನು ತೋರಿಸಿದರು. ಇಂದಿನ ಕೀಬೋರ್ಡಿನಂತೆ ಗುಂಡಿ ಒತ್ತಿದೊಡನೆ ಕೊಳಲೋ ಪಿಟೀಲೋ ಆಗುವ ಯಂತ್ರ ಅದಲ್ಲ. ಬಿಡಿಭಾಗಗಳನ್ನು ತಂತಿಗಳಿಂದ ಜೋಡಿಸಿ, ತಿರುಗುಗುಂಡಿಗಳನ್ನು ತಿರುಗಿಸಿ ನಾದವನ್ನು ಹದಗೊಳಿಸಬೇಕಿತ್ತು. ಒಮ್ಮೆಗೆ ಒಂದೇ ಸ್ವರ. ಹದಗೊಳಿಸಿದ ನಾದವನ್ನು ಯಂತ್ರವು ನೆನಪಿಡುತ್ತಲೂ ಇರಲಿಲ್ಲ.

ಮೊದಲನೆಯದು, ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಹೆಸರಿನಲ್ಲಿ ಮೇ ತಿಂಗಳಲ್ಲಿ ಹೊರಬಂದ ‘ಎಲೆಕ್ಟ್ರಾನಿಕ್ ಸೌಂಡ್’. ತಟ್ಟೆಯ ಬದಿಗೊಂದರಂತೆ ಎರಡೇ ದೀರ್ಘ ಕೃತಿಗಳು. ಯಂತ್ರ ಏನೇನು ಮಾಡಬಲ್ಲದೆಂಬ ಬೆರಗೇ ಇಲ್ಲಿ ಆದಿ, ಅದೇ ಅಂತ್ಯ. ಬೆರಗು ತಣಿದ ಮೇಲೆ ಕೇಳುಗನ ಕೈಗೆ ಏನೂ ದಕ್ಕುವುದಿಲ್ಲ.

ಎರಡನೆಯದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಬೀಟಲ್ಸ್ ತಂಡದ ‘ಆ್ಯಬಿ ರೋಡ್’. ಅದರ ‘ಬಿಕಾಸ್’ ಹಾಡನ್ನು ಗಮನಿಸಿರಿ. ಮೂವರು ಗಾಯಕರು ಮೂರು ಬಾರಿ ಹಾಡಿ, ಮೂರು ಕಂಠಗಳು ಒಂಬತ್ತಾಗಿವೆ. ಹ್ಯಾರಿಸನ್ ನುಡಿಸಿದ ಮೋಗ್ ಆ ಕಂಠಗಳೊಡನೆ ಪೈಪೋಟಿಗಿಳಿಯದೆ, ತನ್ನ ಸರದಿ ಬಂದಾಗ ಒಂದು ಎಳೆಯಷ್ಟೇ ನುಡಿದು ಸುಮ್ಮನಾಗುತ್ತದೆ. ‘ಐ ವಾಂಟ್ ಯೂ’ ಹಾಡಿನ ಕೊನೆಯಲ್ಲಾದರೋ ಅದೇ ಯಂತ್ರ ಬಿರುಗಾಳಿಯಾಗಿ ಉಳಿದ ವಾದ್ಯಗಳನ್ನು ನುಂಗತೊಡಗುತ್ತದೆ. ಹಾಡು ಅಲ್ಲಿಯೇ ಕತ್ತರಿಸಿದಂತೆ ನಿಲ್ಲುತ್ತದೆ. ಬಯಕೆಯ ಹಾಡಿಗೆ ಆ ಗಾಳಿ ಅಗತ್ಯವಾಗಿತ್ತು. ‘ಮ್ಯಾಕ್ಸ್‌ವೆಲ್ಸ್ ಸಿಲ್ವರ್ ಹ್ಯಾಮರ್’ ಹಾಡಿನಲ್ಲಿ ಮಾತ್ರ ಮೋಗ್ ಬರಿಯ ಅಲಂಕಾರವಾಗಿ ಉಳಿದಿದೆ; ಅದನ್ನು ತೆಗೆದುಹಾಕಿದರೂ ಹಾಡಿಗೆ ನಷ್ಟವಿಲ್ಲ.

ಯಂತ್ರ ಬದಲಾಗಲಿಲ್ಲ, ಬದಲಾದದ್ದು ಅದರ ಮುಂದೆ ಕುಳಿತವರ ವಿವೇಕ. ಮೊದಲನೆಯದರಲ್ಲಿ ಯಂತ್ರಕ್ಕೆ ಹಾಡೇ ಇರಲಿಲ್ಲ. ಎರಡನೆಯದರಲ್ಲಿ ಅದು ಹಾಡಿನ ಸೇವೆಗೆ ನಿಂತಿತು. ಆದುದರಿಂದ ಜೀವವಿಲ್ಲವೆಂದು ವಾದ್ಯವನ್ನು ದೂರುವುದು ಸುಲಭವಾದರೂ ನ್ಯಾಯವಲ್ಲ. ಈ ನಾದ ಇಲ್ಲಿ ಬೇಕೇ ಎಂದು ಯಾರಾದರೂ ಕಿವಿಗೊಟ್ಟು ಕೇಳಿದರೇ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಇಂದು ಅಗ್ಗದ ಕೀಬೋರ್ಡಿನಲ್ಲೂ ನೂರಾರು ನಾದಗಳು ಸಿದ್ಧವಾಗಿವೆ. ಹದಗೊಳಿಸುವ ಶ್ರಮ ತಪ್ಪಿದೆ, ಆರಿಸುವ ಹೊಣೆ ತಪ್ಪಿಲ್ಲ. ನಿಮ್ಮ ಮನೆಯ ಮಗು ಅದರ ಮುಂದೆ ಕುಳಿತಾಗ ಯಾವ ಮನೆಯನ್ನು ಒತ್ತಬೇಕೆಂಬುದರ ಜೊತೆಗೆ, ಹಾಡುವವರಿಗೆ ಎಡೆಗೊಟ್ಟು ಯಾವಾಗ ಕೈ ತೆಗೆಯಬೇಕೆಂಬುದನ್ನೂ ಕಲಿಸಿರಿ.